ಬೇರಿಂಗ್ ಕೈಕೊಡುವ ಮೊದಲೇ ತಿಳಿಯಬೇಕಾದರೆ: ವೈಬ್ರೇಶನ್ ಪೆನ್ನೋ, ವೈರ್‌ಲೆಸ್ ಸೆನ್ಸರೋ?

10-12 ಮೋಟಾರುಗಳ ಶೆಡ್ಡಿಗೆ ವೈಬ್ರೇಶನ್ ಪೆನ್ನೇ ಸರಿ. ಪೆನ್ನು ಎಂದರೆ ಕೈಯಲ್ಲಿ ಹಿಡಿದು ಮೋಟಾರಿಗೆ ಊರಿ ನಡುಕ ಅಳೆಯುವ ಸಾಧನ; ಸೆನ್ಸರ್ ಎಂದರೆ ಮ್ಯಾಗ್ನೆಟ್‌ನಿಂದ ಮೋಟಾರಿಗೇ ಅಂಟಿಕೊಂಡಿದ್ದು ಅಂಕಿಯನ್ನು ಆ್ಯಪ್‌ಗೆ ಕಳಿಸುವುದು. ಬ್ಯಾಡಗಿಯ ಖಾರಪುಡಿ ಘಟಕದಲ್ಲಿ ಎರಡನ್ನೂ ಒಂದೇ ಪಲ್ವರೈಜರ್ (ಪುಡಿ ಮಾಡುವ ಯಂತ್ರ) ಮೇಲೆ ಸೀಸನ್ ಪೂರ್ತಿ ನೋಡಿದ ಮೇಲೆ ಬರೆಯುತ್ತಿರುವ ಮಾತಿದು.

ಸೆನ್ಸರಿನ ತೊಂದರೆ ಆ್ಯಪ್‌ನಲ್ಲಿಲ್ಲ, ಅದು ಕೂರುವ ಜಾಗದಲ್ಲಿದೆ. ಮೋಟಾರಿನ ಮೈತುಂಬ ಬಿಸಿ ಹೊರಹಾಕುವ ಏಣುಗಳು, ಅಂದರೆ ಫಿನ್ನು, ಚಪ್ಪಟೆ ಜಾಗವೇ ಸಿಗುವುದಿಲ್ಲ. ಫಿನ್ನಿನ ತುದಿಗೆ ಕಚ್ಚಿದ ಮ್ಯಾಗ್ನೆಟ್ ತಾನೇ ಅಲುಗಾಡುತ್ತದೆ. ಅಲ್ಯೂಮಿನಿಯಂ ಬಾಡಿಗಂತೂ ಅಂಟುವುದೇ ಇಲ್ಲ. ಹಿಂದಿನ ಫ್ಯಾನ್ ಕವರಿಗೆ ಗಟ್ಟಿಯಾಗಿ ಹಿಡಿಯುತ್ತದೆ ನಿಜ, ಆದರೆ ಅಲ್ಲಿ ಸಿಗುವುದು ತಗಡಿನ ನಡುಕ, ಬೇರಿಂಗಿನದಲ್ಲ. ಇದರ ಜೊತೆಗೆ ಖಾರಪುಡಿ. ಎಣ್ಣೆ ಜಿಡ್ಡಿರುವ ಪುಡಿ ಮ್ಯಾಗ್ನೆಟ್ ಅಡಿಗೆ ನುಗ್ಗಿ ಪದರಗಟ್ಟುತ್ತದೆ.

ಇದು ಸಣ್ಣ ವಿಷಯವಲ್ಲ. 1440 ಆರ್‌ಪಿಎಂ ಮೋಟಾರಿನ 6208 ನಂಬರಿನ ಬೇರಿಂಗಿನ ಹೊರ ರೇಸಿನಲ್ಲಿ, ಅಂದರೆ ಗುಂಡುಗಳು ಉರುಳುವ ಹೊರಬಳೆಯಲ್ಲಿ, ಚುಕ್ಕೆಯಷ್ಟು ಗುಳಿ ಬಿದ್ದರೆ ಸೆಕೆಂಡಿಗೆ ಸುಮಾರು 86 ಪೆಟ್ಟು ಬೀಳುತ್ತವೆ. ಶುರುವಿನಲ್ಲಿ ಒಂದೊಂದು ಪೆಟ್ಟಿಗೂ ಲೋಹ ಝಣಗುಡುವ ಸದ್ದು ಸಾವಿರಾರು ಹರ್ಟ್ಸ್‌ನಲ್ಲಿರುತ್ತದೆ. ನಡುಕದ ವೇಗ ತೋರಿಸುವ ಮಿಮೀ/ಸೆಕೆಂಡ್ ಅಂಕಿ ಮಿಸುಕುವುದೂ ಇಲ್ಲ. ಸಡಿಲ ಮ್ಯಾಗ್ನೆಟ್ ನುಂಗಿಹಾಕುವುದು ಸರಿಯಾಗಿ ಆ ಸದ್ದನ್ನೇ. ಆ್ಯಪ್ ಕೆಂಪಾಗುವ ಹೊತ್ತಿಗೆ ಸ್ಕ್ರೂಡ್ರೈವರ್ ಕಿವಿಗಿಟ್ಟರೂ ಕೇಳಿಸುತ್ತದೆ.

ಪರಿಹಾರ ಇದೆ. ಮೋಟಾರಿನ ತುದಿಯ ಮುಚ್ಚಳವಾದ ಎಂಡ್ ಶೀಲ್ಡ್‌ನಲ್ಲಿ ಬೇರಿಂಗ್ ಕೂತಿರುವ ಕಡೆ ಬಣ್ಣ ಕೆರೆದು ಲೋಹ ಕಾಣಿಸಬೇಕು, ಥಿನ್ನರಿನಿಂದ ಒರೆಸಬೇಕು, ಎಂ6 ಸ್ಟಡ್ (ಸೆನ್ಸರನ್ನು ತಿರುಗಿಸಿ ಬಿಗಿಯುವ ತಿರುಪುಮೊಳೆ) ಇರುವ ಪ್ಯಾಡನ್ನು ಎರಡು ಟ್ಯೂಬಿನ ಎಪಾಕ್ಸಿಯಿಂದ ಅಂಟಿಸಿ 24 ಗಂಟೆ ಮುಟ್ಟದೆ ಬಿಡಬೇಕು. ಆಮೇಲೆ ಸೆನ್ಸರ್ ನಂಬಿಕೆಗೆ ಬರುತ್ತದೆ. ಆದರೆ ಪ್ರತಿ ಮೋಟಾರಿಗೂ ಇಷ್ಟು ಮಾಡಿ, ಮೇಲೆ ವರ್ಷವರ್ಷ ಆ್ಯಪ್ ಚಂದಾ ಕಟ್ಟುವುದು ಸಣ್ಣ ಘಟಕಕ್ಕೆ ಭಾರವೇ.

ವೈಫೈ: ಸೆನ್ಸರಿನ ಅಂಕಿಯನ್ನು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ, ಅಂದರೆ ಗೇಟ್‌ವೇ, ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಗೇಟ್‌ವೇಗೆ ಸಣ್ಣ ಯುಪಿಎಸ್ ಕೊಡಿ.

ಪೆನ್ನಿಗೆ ಬೇಕಾದದ್ದು ಶಿಸ್ತು. ಎರಡೂ ಬೇರಿಂಗಿನ ಹತ್ತಿರ ಸೆಂಟರ್ ಪಂಚಿನಿಂದ ಚುಕ್ಕೆ ಹೊಡೆದು, ಪ್ರತಿ ವಾರ ಅದೇ ಚುಕ್ಕೆಗೆ ತುದಿ ಊರಬೇಕು. ಅಡ್ಡ, ಮೇಲೆ-ಕೆಳಗೆ, ಶಾಫ್ಟಿನ ದಿಕ್ಕು, ಮೂರೂ. ಮೆಣಸಿನಕಾಯಿ ಬೀಳುತ್ತಿರುವಾಗಲೇ ಅಳೆಯಿರಿ, ಖಾಲಿ ಓಟದ ಅಂಕಿ ಹೋಲಿಕೆಗೆ ಬಾರದು. 15 ಕಿಲೋವ್ಯಾಟ್ ಒಳಗಿನ ಮೋಟಾರಿಗೆ ಐಎಸ್‌ಒ 10816-1 (2016ರಲ್ಲಿ ಇದರ ಜಾಗಕ್ಕೆ 20816-1 ಬಂದಿದೆ) ಪ್ರಕಾರ 1.8 ಮಿಮೀ/ಸೆಕೆಂಡ್ ದಾಟಿದರೆ ಎಚ್ಚರ, 4.5 ದಾಟಿದರೆ ನಿಲ್ಲಿಸಿ. ಬೇರಿಂಗಿಗೆ 'ಜಿ' ಅಳತೆ (ನಡುಕದ ವೇಗೋತ್ಕರ್ಷ, ಆ ಸಾವಿರಾರು ಹರ್ಟ್ಸ್ ಸದ್ದು ಕಾಣುವುದು ಇದರಲ್ಲೇ) ಇರುವ ಪೆನ್ನನ್ನೇ ಕೊಳ್ಳಿ, ಬರೀ ಮಿಮೀ ತೋರಿಸುವುದು ಅರ್ಧ ಕುರುಡು. ಮಿಮೀ ಮಾತ್ರ ಏರಿ 'ಜಿ' ಸುಮ್ಮನಿದ್ದರೆ ಮೊದಲು ಪಲ್ವರೈಜರಿನೊಳಗೆ ತಿರುಗಿ ಕುಟ್ಟುವ ಬೀಟರ್ ನೋಡಿ: ಸವೆದಿದ್ದರೆ ಎದುರುಬದುರಿನ ಜೋಡಿಯನ್ನು ತೂಗಿ, ಒಂದೇ ತೂಕದವನ್ನು ಒಟ್ಟಿಗೆ ಬದಲಿಸಬೇಕು. ಒಂದನ್ನೇ ಬದಲಿಸಿದರೆ ನಡುಕ ಹೆಚ್ಚುತ್ತದೆ.

ಸೆನ್ಸರ್ ಗೆಲ್ಲುವುದು ಕೈ ಹೋಗದ ಕಡೆ: ಕೋಲ್ಡ್ ಸ್ಟೋರೇಜಿನ ಚಾವಣಿ ಫ್ಯಾನು, ಗಾರ್ಡ್ ತೆಗೆಯದೆ ಮುಟ್ಟಲಾಗದ ಬ್ಲೋವರ್. ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶಗಳಾದ ತಾರಿಹಾಳ, ಗೋಕುಲ ರಸ್ತೆಯಲ್ಲಿ ರಾತ್ರಿ ಪಾಳಿ ಓಡಿಸುವವರಿಗೂ ಅಂಥ ಒಂದೆರಡು ಮಷಿನ್ನಿಗೆ ಸ್ಟಡ್ ಹಾಕಿಸಿದ ಸೆನ್ಸರ್ ಉಪಯೋಗಕ್ಕೆ ಬರುತ್ತದೆ. ಉಳಿದವಕ್ಕೆ ಪೆನ್ನು. ಮಿಕ್ಕ ದುಡ್ಡಿನಲ್ಲಿ ಬೇರಿಂಗ್ ಕಳಚುವ ಒಳ್ಳೆಯ ಪುಲ್ಲರ್, ಎರಡು ಅಸಲಿ 6208 ತಂದು ಕಪಾಟಿನಲ್ಲಿಡಿ. ಸೀಸನ್ ನಡುವೆ ಹುಬ್ಬಳ್ಳಿಗೆ ಓಡುವುದು ತಪ್ಪುತ್ತದೆ.