ಡ್ರೈವಾಲ್ ತೂತಿಗೆ ಪೇಪರ್ ತುರುಕಿ ಮೆತ್ತುವವರಿದ್ದಾರೆ, ಹುಷಾರು

ಅಮೆರಿಕದಲ್ಲಿ ಬಾಡಿಗೆ ಮನೆ ಬಿಡುವಾಗ ಡಿಪಾಸಿಟ್ ಉಳಿಸಿಕೊಳ್ಳಲು ಕ್ಯಾಶ್ ಕೊಟ್ಟು ಗೋಡೆ ರಿಪೇರಿ ಮಾಡಿಸುವ ನಮ್ಮವರು ಬಹಳ. ಹಾಗೆ ಮಾಡಿಸಿದ ಒಂದು ಕೆಲಸ ಕೆಟ್ಟ ಬಗೆ ಇದು. ಬಾಗಿಲ ನಾಬ್ ಬಡಿದು ಡ್ರೈವಾಲಿನಲ್ಲಿ, ಅಂದರೆ ಕಾಗದ ಹೊದಿಸಿದ ಜಿಪ್ಸಮ್ ಬೋರ್ಡಿನ ಗೋಡೆಯಲ್ಲಿ, ಸುಮಾರು 5 ಇಂಚಿನ ತೂತಾಗಿತ್ತು. ರಿಪೇರಿಗೆ ಬಂದವನು ನ್ಯೂಸ್‌ಪೇಪರ್ ಉಂಡೆ ಮಾಡಿ ಒಳಗೆ ತುರುಕಿದ, ಡಬ್ಬಿಯ ರೆಡಿಮಿಕ್ಸ್ ಮಡ್ಡನ್ನು (ಕಲಸಿಯೇ ಬರುವ, ಗೋಡೆಗೆ ಮೆತ್ತುವ ಜಾಯಿಂಟ್ ಕಾಂಪೌಂಡ್) ಒಂದೇ ಸಲಕ್ಕೆ ತುಂಬಿದ, ಹೀಟ್ ಗನ್ ಹಿಡಿದು ಒಣಗಿಸಿ ಸಂಜೆಯೊಳಗೆ ಬಣ್ಣ ಹೊಡೆದು ಹೋದ. ನೋಡಲು ಚೆನ್ನಾಗಿಯೇ ಇತ್ತು. ಮನೆ ಮಾಲೀಕರು ತಪಾಸಣೆಗೆ ಬರುವಷ್ಟರಲ್ಲಿ ನಡುಭಾಗ ಕುಸಿದು, ಸುತ್ತ ಬಳೆಯಂತೆ ಬಿರುಕು ಬಿಟ್ಟಿತ್ತು. ಬೆರಳಿಂದ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಕೂಲಿಯೂ ಹೋಯಿತು, ಡಿಪಾಸಿಟ್ಟಿನಲ್ಲೂ ಹಣ ಮುರಿದುಕೊಂಡರು.

ರೆಡಿಮಿಕ್ಸ್ ಮಡ್ ಗಟ್ಟಿಯಾಗುವುದು ನೀರು ಆರಿ. ನೀರು ಹೋದಷ್ಟೂ ಅದು ಕುಗ್ಗುತ್ತದೆ. ದಪ್ಪಕ್ಕೆ ತುಂಬಿ ಶಾಖ ಕೊಟ್ಟರೆ ಮೇಲೆ ಪದರ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮುಂದೆ ಅದು ಆರುವಾಗ ಮೇಲ್ಪದರವನ್ನೂ ಎಳೆದುಕೊಂಡು ಕುಸಿಯುತ್ತದೆ. ಹಿಂದಿರುವುದು ಬರೀ ಪೇಪರು, ಅದಕ್ಕೆ ತಡೆಯುವ ಶಕ್ತಿ ಇಲ್ಲ. ಅರ್ಧ ಇಂಚಿನ ಬೋರ್ಡಿನ ಹಿಂದೆ ಎರಡು ಸ್ಟಡ್‌ಗಳ (ಗೋಡೆಯೊಳಗಿನ ನಿಲುಗಂಬಗಳ) ನಡುವೆ ಖಾಲಿ ಜಾಗ, ಹೆಚ್ಚೆಂದರೆ ಇನ್ಸುಲೇಷನ್.

ಮೊಳೆ ತೂತಿಗೆ ಸ್ಪ್ಯಾಕಲ್ ಎಂಬ ಪುಟ್ಟಿ ಸಾಕು. 3-4 ಇಂಚಿನವರೆಗೆ ಅಂಟಿಸುವ ಮೆಟಲ್ ಮೆಶ್ ಪ್ಯಾಚ್ ನಡೆಯುತ್ತದೆ. ಅದಕ್ಕಿಂತ ದೊಡ್ಡದಾದರೆ ತೂತನ್ನು ಚೌಕವಾಗಿ ಕತ್ತರಿಸಿ ಹೊಸ ಬೋರ್ಡಿನ ತುಂಡು ಕೂರಿಸಲೇಬೇಕು. ಕತ್ತರಿಸುವ ಮೊದಲು ಟಾರ್ಚ್ ಬಿಟ್ಟು ಒಳಗೆ ವೈರ್, ಪೈಪ್ ಇದೆಯಾ ನೋಡಿ, ಆ ಗೋಡೆಯ ಬ್ರೇಕರ್ ಆಫ್ ಮಾಡಿ, ಗರಗಸದ ತುದಿಯನ್ನು ಬೋರ್ಡಿನ ದಪ್ಪಕ್ಕಿಂತ ಹೆಚ್ಚು ಒಳಗೆ ಬಿಡಬೇಡಿ. ಬೋರ್ಡ್ ತೇವವಾಗಿದ್ದರೆ ಮೊದಲು ಸೋರಿಕೆ ಹುಡುಕಿ.

ಚೌಕದ ಎತ್ತರಕ್ಕಿಂತ 4 ಇಂಚು ಉದ್ದದ ಎರಡು ಮರದ ಪಟ್ಟಿಗಳನ್ನು, 1×3 ಅಂತ ಮಾರುವ ಅಳತೆಯವಾದರೆ ಸಾಕು, ಒಳಗೆ ತೂರಿಸಿ ಎಡಬಲ ಅಂಚಿಗೆ ಅರ್ಧ ಅಗಲ ತೂತಿನಲ್ಲಿ ಕಾಣುವಂತೆ ಹಿಡಿದು, ಹಳೆ ಬೋರ್ಡಿನ ಮೂಲಕವೇ ಒಂದೂಕಾಲು ಇಂಚಿನ ಡ್ರೈವಾಲ್ ಸ್ಕ್ರೂ ಹೊಡೆಯಿರಿ. ಹೊಸ ತುಂಡನ್ನು ಆ ಪಟ್ಟಿಗಳಿಗೆ ಬಿಗಿಯಿರಿ. ಸ್ಕ್ರೂ ತಲೆ ತುಸು ತಗ್ಗಬೇಕು, ಆದರೆ ಕಾಗದ ಹರಿಯಬಾರದು; ಹರಿದರೆ ಆ ಸ್ಕ್ರೂ ಹಿಡಿಯುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿ. ಗ್ಯಾರೇಜ್ ಗೋಡೆಯಾದರೆ ಬೋರ್ಡಿನ ದಪ್ಪ ಅಳೆಯಿರಿ. ಅಲ್ಲಿ ಬೆಂಕಿ ತಡೆಯುವ 5/8 ಇಂಚಿನ ಟೈಪ್ ಎಕ್ಸ್ ಇದ್ದರೆ ಅದನ್ನೇ ಹಾಕಬೇಕು.

ಬಹಳ ಜನ ಗಮನಿಸದ ಜಾಗ ತೂತಿನ ಅಂಚು. ಮೇಲಿನ ಕಾಗದ ಕಿತ್ತು ಒಳಗಿನ ಕಂದು ಪದರ ಕಂಡಿರುತ್ತದೆ. ಅದರ ಮೇಲೆ ಹಸಿ ಮಡ್ ಬಿದ್ದರೆ ನೀರು ಹೀರಿ ಗುಳ್ಳೆ ಏಳುತ್ತದೆ, ಎಷ್ಟು ಕೋಟ್ ಹಾಕಿದರೂ ಗುಳ್ಳೆ ಹೋಗುವುದಿಲ್ಲ. ಸಡಿಲ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಕಂದು ಭಾಗಕ್ಕೆ ಪ್ರೈಮರ್ ಬಳಿದು ಒಣಗಿಸಿ, ಆಮೇಲೆ ಮಡ್.

ಹೊಸ ತುಂಡಿನ ಸಂದಿಗಳ ಮೇಲೆ ಮೆಶ್ ಟೇಪ್ (ಬಲೆಯಂಥ ಅಂಟುಪಟ್ಟಿ) ಹಾಕುವುದಾದರೆ ಮೊದಲ ಕೋಟ್ ನೀರಲ್ಲಿ ಕಲಸುವ ಪುಡಿ ಮಡ್ಡೇ ಆಗಲಿ. 45 ನಿಮಿಷದಲ್ಲಿ ಸೆಟ್ ಆಗುವಂಥದ್ದು ಹೊಸಬರಿಗೆ ಅನುಕೂಲ. ಇದು ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ಕುಗ್ಗುವುದು ಕಡಿಮೆ. ಬಕೆಟ್ಟಿನಲ್ಲಿ ಹಳೇ ಗಟ್ಟಿ ಚೂರುಗಳಿದ್ದರೆ ಹೊಸದೂ ಬೇಗ ಸೆಟ್ ಆಗಿಬಿಡುತ್ತದೆ. ಉಳಿದದ್ದನ್ನು ಸಿಂಕಿಗೆ ಸುರಿಯಲೇಬೇಡಿ, ಪೈಪಿನೊಳಗೆ ನೀರಿನಲ್ಲೇ ಕಲ್ಲಾಗುತ್ತದೆ, ಆಮೇಲೆ ಪ್ಲಂಬರ್ ಬಿಲ್ ಬೇರೆ! ಮೇಲಿನ ಎರಡು ಕೋಟಿಗೆ ರೆಡಿಮಿಕ್ಸ್ ಸರಿ: ಮೊದಲ ಕೋಟನ್ನು 6 ಇಂಚಿನ ನೈಫಿನಿಂದ (ಮಡ್ ಬಳಿಯುವ ಅಗಲ ಅಲಗು) ಶುರುಮಾಡಿ, ಮೇಲಿನವಕ್ಕೆ 10, 12 ಇಂಚಿನದಕ್ಕೆ ಹೋಗಿ, ಪ್ರತಿಸಲವೂ ತೆಳುವಾಗಿ, ಹಿಂದಿನದಕ್ಕಿಂತ ಅಗಲಕ್ಕೆ. ಬೂದು ಬಣ್ಣ ಹೋಗಿ ಪೂರ್ತಿ ಬೆಳ್ಳಗಾಗುವ ತನಕ ಮುಂದಿನ ಕೋಟ್ ಬೇಡ. ಸ್ಯಾಂಡಿಂಗಿಗೆ 150 ಗ್ರಿಟ್ ಉಪ್ಪುಕಾಗದ ಸಾಕು, ಎನ್95 ಮಾಸ್ಕ್ ಇರಲಿ. ಪ್ರೈಮರ್ ಬಿಟ್ಟು ನೇರ ಬಣ್ಣ ಹೊಡೆದರೆ ಮಡ್ ಬಣ್ಣ ಹೀರಿ ಆ ಜಾಗ ಮಾತ್ರ ಮಂಕಾಗಿ ಎದ್ದು ಕಾಣುತ್ತದೆ. ಮೊದಲು ಹೇಳಿದ ಆ ಮನೆಯಲ್ಲಿ ತಪಾಸಣೆಗೆ ಬಂದವರ ಕಣ್ಣಿಗೆ ಮೊದಲು ಬಿದ್ದದ್ದೂ ಅದೇ ಮಂಕು ತೇಪೆ.

1978ಕ್ಕೆ ಮುಂಚಿನ ಮನೆಯಾದರೆ ಏನನ್ನೂ ಉಜ್ಜಬೇಡಿ, ಕತ್ತರಿಸಬೇಡಿ. ಬಣ್ಣದಲ್ಲಿ ಸೀಸ, ಹಳೇ ಮಡ್ಡಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶ ಬಂದ ಮೇಲೆ ಕೈ ಹಾಕಿ.

ಹೊರಗಿನವರಿಗೆ ಕೆಲಸ ಕೊಡುವುದಾದರೆ ತೂತು ಮುಚ್ಚುವ ಮುಂಚೆ ಒಳಗಿನ ಪಟ್ಟಿಯ ಫೋಟೋ ಕೇಳಿ, ಹಣ ಕೊಡುವುದು ಅದಾದ ಮೇಲೆ. ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂದರೆ ಯಾವ ಮಡ್ ಅಂತ ಕೇಳಿ: 20 ನಿಮಿಷದ ಪುಡಿ ಅಂದರೆ ನಂಬಬಹುದು, ಡಬ್ಬಿ ತೋರಿಸಿದರೆ ಬಾಗಿಲಲ್ಲೇ ವಾಪಸ್ ಕಳಿಸಿ.