ಫೋನೂ ಇದೆ, ಲ್ಯಾಪ್‌ಟಾಪೂ ಇದೆ, ಟ್ಯಾಬ್ ಬೇಕಾ?

ಓದುವ ವಿಷಯದಲ್ಲಿ ಟ್ಯಾಬ್ ಮುಂದೆ, ಅದರಲ್ಲಿ ಅನುಮಾನವಿಲ್ಲ. ಎ4 ಹಾಳೆಯನ್ನು ಮೂಲೆಯಿಂದ ಮೂಲೆಗೆ ಅಳೆದರೆ 14 ಇಂಚು ದಾಟುತ್ತದೆ. ಅಂಥ ಪಿಡಿಎಫ್ ಅನ್ನು 6.5 ಇಂಚಿನ ಫೋನಿನಲ್ಲಿ ತೆರೆದರೆ ಒತ್ತಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಹಿಗ್ಗಿಸಿ, ಆಚೀಚೆ ಸರಿಸಿ ಓದಬೇಕು. ಲ್ಯಾಪ್‌ಟಾಪಿನ ಪರದೆ ಅಡ್ಡಕ್ಕಿರುವುದರಿಂದ ಆರಾಮಾಗಿ ಓದುವಷ್ಟು ದೊಡ್ಡದು ಮಾಡಿದರೆ ಅರ್ಧ ಪುಟವಷ್ಟೇ ಸಿಗುತ್ತದೆ. 11 ಇಂಚಿನ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಇಡೀ ಪುಟ ಕಣ್ಣೆದುರು. ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ ಓದುವವರಿಗೆ, ಪರದೆಯ ಮೇಲೆ ಪೆನ್ನಿನಲ್ಲಿ ಲೆಕ್ಕ ಬಿಡಿಸುವವರಿಗೆ, ಚಿತ್ರ ಬರೆಯುವವರಿಗೆ ಇದು ನಿಜಕ್ಕೂ ಉಪಯೋಗ.

ಟೈಪಿಂಗ್‌ಗೆ ಲ್ಯಾಪ್‌ಟಾಪೇ ಸರಿ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಪತ್ರ ಸಿದ್ಧಪಡಿಸುವವರು, ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರು ಟ್ಯಾಬಿಗೆ ಕೀಬೋರ್ಡ್ ಸಿಕ್ಕಿಸಿ ಒದ್ದಾಡಬೇಡಿ. ಕರೆ, ಯುಪಿಐ, ಓಟಿಪಿಗೆ ಫೋನ್ ಹೇಗೂ ಬೇಕು.

ಖರ್ಚು ನೋಡುವಾಗ ಬರೀ ಟ್ಯಾಬಿನ ಬೆಲೆ ನೋಡಬೇಡಿ. ಪೆನ್ನು, ಕವರ್, ಕೀಬೋರ್ಡ್ ಸೇರಿದರೆ ಮೊತ್ತ ಸುಮ್ನೆ ಏರುತ್ತದೆ. ಐಪ್ಯಾಡ್‌ಗೆ ‘ಪೆನ್ಸಿಲ್’ ಎಂಬ ಅದರ ಪೆನ್ನನ್ನು ಬೇರೆಯೇ ಕೊಳ್ಳಬೇಕು. ಸ್ಯಾಮ್ಸಂಗ್‌ನ ಕೆಲವು ಟ್ಯಾಬ್‌ಗಳ ಜೊತೆಗೇ ಪೆನ್ನು ಬರುತ್ತದೆ. ಸಿಮ್ ಇಲ್ಲದ ಮಾದರಿ ಅಗ್ಗ, ಫೋನಿನ ಹಾಟ್‌ಸ್ಪಾಟ್ ಸಾಕಾಗುತ್ತದೆ.

ಬಾಳಿಕೆಗೆ ಎರಡು ಮಾತು: ಬಿದ್ದು ಗಾಜು ಒಡೆದರೆ ರಿಪೇರಿ ದುಬಾರಿ, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆಂದು ಕೇಳಿಯೇ ಕೊಳ್ಳಿ.

ಬರೀ ಯೂಟ್ಯೂಬ್, ಕ್ರಿಕೆಟ್ ನೋಡಲು ಅಂತಾದರೆ ನಾನಂತೂ ದುಡ್ಡು ಹಾಕುವುದಿಲ್ಲ. ಲ್ಯಾಪ್‌ಟಾಪ್ ಇದೆ ಅಲ್ವಾ? ಆದರೆ ಫೋನಿನ ಸಣ್ಣ ಅಕ್ಷರ ಕಾಣದ ಅಜ್ಜಿ ಮನೆಯಲ್ಲಿದ್ದರೆ, ಅವರಿಗೆ ವಿಡಿಯೊ ಕರೆಗೆ ಅಗ್ಗದ ಟ್ಯಾಬೇ ಸಾಕು.