‘ಆಡಿಯೊ ಗ್ರೇಡ್’ ಕೆಪಾಸಿಟರ್ ಮೋಸ: ಹಳೆಯ ಆಂಪ್ಲಿಫೈಯರ್ ಇರುವವರು ದಯವಿಟ್ಟು ಓದಿ

ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ‘ಆಡಿಯೊ ಗ್ರೇಡ್’, ಅಂದರೆ ಸಂಗೀತಕ್ಕೆಂದೇ ಮಾಡಿದ್ದು ಎನ್ನುವ ‘ಒಳ್ಳೆಯ ಪಾರ್ಟ್ಸ್’ ಹಾಕಿಸಲು ಹೊರಟಿರುವವರು ಹಣ ಕೊಡುವ ಮೊದಲು ಇದನ್ನು ಓದಿ. ಬೆಂಗಳೂರಿನ ಒಬ್ಬ ರಿಪೇರಿಯವನು ನನ್ನಿಂದ 14,500 ರೂಪಾಯಿ ಕಿತ್ತುಕೊಂಡಿದ್ದಾನೆ. ಬಿಲ್ ಕೊಟ್ಟಿಲ್ಲ, ಬಿಚ್ಚಿದ ಹಳೆಯ ಭಾಗಗಳನ್ನೂ ಕೊಟ್ಟಿಲ್ಲ. ಹೆಸರು ಬರೆಯುವುದಿಲ್ಲ. ಈ ಆಟ ಆಡುವವನು ಅವನೊಬ್ಬನೇ ಅಲ್ಲ.

ಭಾವ 1980ರ ದಶಕದಲ್ಲಿ ದುಬೈಯಿಂದ ತಂದಿದ್ದ ಜಪಾನಿ ಸೆಟ್ ಅದು. ಇದ್ದ ತೊಂದರೆ ಒಂದೇ, ಎರಡೂ ಸ್ಪೀಕರ್‌ಗಳಲ್ಲಿ ಸದಾ ಗುಂಯ್ ಎನ್ನುವ ಸದ್ದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್. ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಸುವ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಅದನ್ನು ಸಮಗೊಳಿಸುವ, ವಿದ್ಯುತ್ತನ್ನು ಸ್ವಲ್ಪ ಹೊತ್ತು ತುಂಬಿಟ್ಟುಕೊಳ್ಳುವ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ, ಗುಂಯ್ ಕೇಳತೊಡಗುತ್ತದೆ. ಎರಡು ಕೆಪಾಸಿಟರ್ ಬದಲಾಯಿಸಿದರೆ ಮುಗಿಯುವ ಕೆಲಸ. ಅವನಿಗೂ ಅದು ಗೊತ್ತಿತ್ತು.

ಆದರೆ ಅವನು ಶುರುಮಾಡಿದ ಮಾತೇ ಬೇರೆ. “ಗುಂಯ್ ಹೋಗಿಸುವುದು ದೊಡ್ಡ ವಿಷಯವಲ್ಲ ಸರ್. ಈ ಸೆಟ್ಟಿನ ನಿಜವಾದ ಧ್ವನಿಯನ್ನು ನೀವು ಇನ್ನೂ ಕೇಳಿಯೇ ಇಲ್ಲ.” ಡ್ರಾಯರ್ ಎಳೆದು ಬಂಗಾರದ ಬಣ್ಣದ ಹೊದಿಕೆಯ ಕೆಪಾಸಿಟರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಎಲ್ಲದರ ಮೇಲೂ ನಿಚಿಕಾನ್ ಎಂಬ ಜಪಾನಿ ಕಂಪನಿಯ ಮುದ್ರೆ. ಫಿಲ್ಟರ್ ಕೆಪಾಸಿಟರ್ ಜೊತೆಗೆ, ಹಾಡಿನ ಸಿಗ್ನಲ್ ಒಳಬರುವ ಇನ್‌ಪುಟ್‌ನಲ್ಲಿದ್ದ ಫಿಲ್ಮ್ ಕೆಪಾಸಿಟರ್‌ಗಳನ್ನೂ ಕಿತ್ತು ಇವನ್ನೇ ಕೂರಿಸಿದ. ಗಮನಿಸಿ, ತೆಳು ಪ್ಲಾಸ್ಟಿಕ್ ಪದರದಿಂದ ಮಾಡಿದ ಫಿಲ್ಮ್ ಕೆಪಾಸಿಟರ್‌ನಲ್ಲಿ ಒಣಗುವ ದ್ರವವೇ ಇರುವುದಿಲ್ಲ. ಚೆನ್ನಾಗಿದ್ದುದನ್ನು ಕಿತ್ತ!

ಗುಂಯ್ ತಗ್ಗಿತು ನಿಜ. ಖುಷಿಯಿಂದ ಭಾವನನ್ನು ಊಟಕ್ಕೆ ಕರೆದು ಸಂಗೀತ ಕಛೇರಿಯ ಧ್ವನಿಮುದ್ರಣವೊಂದನ್ನು ಹಾಕಿದೆ. ಅವರು ಸ್ವಲ್ಪ ಹೊತ್ತು ಕೇಳಿ, “ಎಡಗಡೆ ಏಕೋ ಬಡಕಲಾಗಿದೆಯಲ್ಲ, ಮೃದಂಗದ ತೊಪ್ಪಿಯೇ ಕೇಳುತ್ತಿಲ್ಲ” ಎಂದರು. ತೊಪ್ಪಿ ಎಂದರೆ ಮೃದಂಗದ ಮಂದ್ರ ನಾದದ ಮುಖ. ನನಗೆ ಮುಖ ಎತ್ತಲಾಗಲಿಲ್ಲ.

ಫೋನ್ ಮಾಡಿದರೆ, “ಕೆಪಾಸಿಟರ್ ಪಳಗಬೇಕು ಸರ್, 200 ಗಂಟೆ ಓಡಿಸಿ” ಎಂದ. ಓಡಿಸಿದೆ. ಆಮೇಲೆ, “ನಿಮ್ಮ ಸ್ಪೀಕರ್ ಈ ಮಟ್ಟದ್ದಲ್ಲ” ಎಂದ. ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿದೆ. ಈಗ ಬಲಗಡೆಯ ಸ್ಪೀಕರ್ ಬಡಕಲಾಯಿತು, ಅಂದರೆ ದೋಷ ಸ್ಪೀಕರಿನದಲ್ಲ, ಆಂಪ್ಲಿಫೈಯರಿನದು. ಅದನ್ನು ಹೇಳಿದ್ದಕ್ಕೆ ಬಂದ ಉತ್ತರ: “ಹಾಗಾದರೆ ಕಿವಿ ತೋರಿಸಿಕೊಳ್ಳಿ.” ನನ್ನಿಂದ ಹಣ ತೆಗೆದುಕೊಂಡವನು ನನಗೇ ಹೇಳಿದ ಮಾತಿದು! ಅಷ್ಟರಲ್ಲಿ ಗುಂಯ್ ಕೂಡ ವಾಪಸ್ ಬಂದಿತ್ತು.

ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ಅವರು ಎಲ್‌ಸಿಆರ್ ಮೀಟರ್ (ಕೆಪಾಸಿಟರ್‌ನಂಥ ಭಾಗಗಳನ್ನು ಅಳೆಯುವ ಉಪಕರಣ) ಹಚ್ಚಿದರು. ಧಾರಕತೆ (ವಿದ್ಯುತ್ತು ಹಿಡಿದಿಡುವ ಸಾಮರ್ಥ್ಯ) 4.7 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಎಡಗಡೆಯ ಇನ್‌ಪುಟ್ ಕೆಪಾಸಿಟರ್ 0.2 ತೋರಿಸಿತು. ಮುಂದಿನ ಹಂತದ ರೋಧ 10 ಕಿಲೋ ಓಮ್, ಹಾಗಾಗಿ 3.4 ಹರ್ಟ್ಸ್ ಹತ್ತಿರ ಶುರುವಾಗಬೇಕಿದ್ದ ಮಂದ್ರ ಧ್ವನಿಯ ಇಳಿತ 80 ಹರ್ಟ್ಸ್‌ಗೆ ಏರಿತ್ತು. ತೊಪ್ಪಿಯ ನಾದ ಹೋದದ್ದು ಅಲ್ಲಿ. ನಂತರ ‘10,000 ಮೈಕ್ರೋಫ್ಯಾರಡ್, 63 ವೋಲ್ಟ್’ ಎಂದಿದ್ದ ದೊಡ್ಡದನ್ನು ಬಿಚ್ಚಿ, ಚಾರ್ಜ್ ಇಳಿಸಿ, ಡಬ್ಬಿಯನ್ನು ಕೊಯ್ದರು. ಒಳಗೆ ಇನ್ನೊಂದು ಪುಟ್ಟ ಕೆಪಾಸಿಟರ್! ಮಾಸಲು ಹೊದಿಕೆ, ಅದರ ಮೇಲೆ 3,300 ಮೈಕ್ರೋಫ್ಯಾರಡ್, 35 ವೋಲ್ಟ್. ಸುತ್ತಲೂ ಟೊಳ್ಳು. ನನ್ನ ಸೆಟ್ಟಿನ ಸಪ್ಲೈ 42 ವೋಲ್ಟ್, ಅಂದರೆ ಅದು ತಡೆಯಬಲ್ಲ 35ಕ್ಕಿಂತ ಹೆಚ್ಚು. ಧ್ವನಿಯ ಮಾತು ಹಾಗಿರಲಿ, ಅದು ಯಾವ ದಿನ ಬೇಕಾದರೂ ಸಿಡಿಯಬಹುದಿತ್ತು. ಮನೆಯಲ್ಲಿ ಮಕ್ಕಳಿದ್ದಾರೆ.

ಆ ರಿಪೇರಿಯವನಿಗೆ ಫೋಟೊ ಕಳಿಸಿದೆ. ಬಂದ ಉತ್ತರ: “ಮೀಟರ್ ಹಿಡಿದು ಸಂಗೀತ ಅಳೆಯುತ್ತೀರಾ ಸರ್? ಇದೆಲ್ಲ ಕೇಳಿ ಅನುಭವಿಸುವ ವಿಷಯ.” 35 ವೋಲ್ಟಿನದಕ್ಕೆ 63ರ ಅಂಗಿ ತೊಡಿಸಿದವನು ಅನುಭವದ ಪಾಠ ಹೇಳುತ್ತಾನೆ. ಮೈಯೆಲ್ಲ ಉರಿಯಿತು. ಹಣ ವಾಪಸ್ ಕೇಳಿದ್ದಕ್ಕೆ ನಂಬರ್ ಬ್ಲಾಕ್ ಮಾಡಿದ.

ಸಣ್ಣ ಬಿಡಿಭಾಗಗಳಿಂದ ಧ್ವನಿ ಬದಲಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬದಲಾಗುತ್ತದೆ. ಒಣಗಿದ ಕೆಪಾಸಿಟರ್ ಗುಂಯ್‌ಗುಡುತ್ತದೆ. ಹಳೆಯ ಕಾರ್ಬನ್ ಕಾಂಪೋಸಿಷನ್ ರೆಸಿಸ್ಟರ್‌ಗಳಲ್ಲಿ (ವಿದ್ಯುತ್ತಿಗೆ ತಡೆ ಒಡ್ಡುವ ಭಾಗ) ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳಿಗಿಂತ ಹೆಚ್ಚು ಸುಯ್ ಸದ್ದು. ಎಕ್ಸ್7ಆರ್ ಎಂಬ ಬಗೆಯ ಸೆರಾಮಿಕ್ ಕೆಪಾಸಿಟರ್‌ನ ಧಾರಕತೆ ವೋಲ್ಟೇಜ್ ಬದಲಾದಂತೆ ಬದಲಾಗುವುದರಿಂದ, ಸಿಗ್ನಲ್ ದಾರಿಯಲ್ಲಿ ಹಾಕಿದರೆ ಧ್ವನಿ ವಿಕಾರವಾಗಬಹುದು. ಆದರೆ ಇವೆಲ್ಲವೂ ಉಪಕರಣದಲ್ಲಿ ಅಳೆಯಲು ಸಿಗುತ್ತವೆ. ಅಳತೆಯ ಮಾತೆತ್ತಿದರೆ ಸಿಟ್ಟಾಗುವವನಿಗೆ ಸೆಟ್ ಕೊಡಬೇಡಿ. ಆ ಹಿರಿಯರು 105 ಡಿಗ್ರಿ ಬಿಸಿ ತಡೆಯುವ ಸಾಮಾನ್ಯ ಕೆಪಾಸಿಟರ್ ಎರಡು, ಇನ್‌ಪುಟ್‌ಗೆ ಫಿಲ್ಮ್ ಕೆಪಾಸಿಟರ್ ಎರಡು ಹಾಕಿದರು. ಕೂಲಿ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಗುಂಯ್ ಇಲ್ಲ, ತೊಪ್ಪಿ ಎರಡೂ ಕಡೆ ಕೇಳುತ್ತಿದೆ.

ಹೊಸ ಭಾಗಗಳನ್ನು ನಿಮ್ಮೆದುರೇ ಮೀಟರಿಗೆ ಹಚ್ಚಿಸಿ, ಬಿಲ್ಲಿನಲ್ಲಿ ಒಂದೊಂದರ ಬೆಲೆ ಬರೆಸಿಕೊಳ್ಳಿ. ಈಗಾಗಲೇ ಇಂಥವರ ಬಳಿ ಸೆಟ್ ಬಿಟ್ಟು ಬಂದಿದ್ದರೆ ನಾಳೆಯೇ ಹೋಗಿ ಬಿಚ್ಚಿದ ಭಾಗಗಳನ್ನು ಕೇಳಿ ತೆಗೆದುಕೊಳ್ಳಿ. ನನ್ನವು ಕಸಕ್ಕೆ ಹೋದವು ಎಂದ. ನನಗೆ ನಂಬಿಕೆಯಿಲ್ಲ. ಆ ಜಪಾನಿ ಫಿಲ್ಮ್ ಕೆಪಾಸಿಟರ್‌ಗಳು ಇಷ್ಟು ಹೊತ್ತಿಗೆ ಇನ್ನಾರದೋ ಸೆಟ್ಟಿನಲ್ಲಿ ಕೂತಿರುತ್ತವೆ, ಅವರಿಂದಲೂ ಹಣ ವಸೂಲಾಗಿರುತ್ತದೆ.